ಡೆಟ್ರಾಯ್ಟ್‌ನ ಸಣ್ಣ ಅಂಗಡಿಗಳು: ಇದು ನೆರವಲ್ಲ, ಹಳೇ ಬಾಕಿ

2013ರ ಜುಲೈನಲ್ಲಿ ಡೆಟ್ರಾಯ್ಟ್ ನಗರ ದಿವಾಳಿ ಅರ್ಜಿ ಹಾಕಿತು. ಸಾಲ ಅಂದಾಜು 1,800 ಕೋಟಿ ಡಾಲರ್. ಅಮೆರಿಕದಲ್ಲಿ ಇಷ್ಟು ದೊಡ್ಡ ನಗರ ಹೀಗೆ ಕೈಚೆಲ್ಲಿದ್ದು ಅದೇ ಮೊದಲು. ಆಮೇಲೆ ಅಲ್ಲಿನ ಕಪ್ಪುವರ್ಣೀಯರ ಮತ್ತು ವಲಸಿಗರ ಸಣ್ಣ ವ್ಯಾಪಾರಕ್ಕೆ ಹಣ ಕೊಡುವ ಯೋಜನೆಗಳು ಒಂದರ ಹಿಂದೆ ಒಂದು ಬಂದವು. ಸುದ್ದಿ ಓದಿದವರಿಗೆ ಇದು ದೊಡ್ಡವರ ಔದಾರ್ಯದ ಹಾಗೆ ಕಾಣುತ್ತದೆ. ಆದರೆ ಹಿಂದಿನ ಕತೆ ಗೊತ್ತಾದರೆ ಹಾಗೆ ಅನಿಸುವುದಿಲ್ಲ.

ಕಾರು ಕಾರ್ಖಾನೆಗಳ ಕೆಲಸ ಹುಡುಕಿಕೊಂಡು ದಕ್ಷಿಣದ ರಾಜ್ಯಗಳಿಂದ ಲಕ್ಷಾಂತರ ಕಪ್ಪು ಜನ ಡೆಟ್ರಾಯ್ಟ್‌ಗೆ ಬಂದರು. ಬೇರೆ ಕಡೆ ಅವರಿಗೆ ಮನೆ ಸಿಗುತ್ತಿರಲಿಲ್ಲ. ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ ಎಂಬ ಬಡಾವಣೆಗಳಲ್ಲೇ ಒತ್ತೊತ್ತಾಗಿ ಬದುಕಿದರು. ಅಲ್ಲಿನ ಹೇಸ್ಟಿಂಗ್ಸ್ ಸ್ಟ್ರೀಟ್‌ನಲ್ಲಿ ಔಷಧಿ ಅಂಗಡಿ, ಕ್ಷೌರದಂಗಡಿ, ಹೋಟೆಲು, ಸಂಗೀತದ ಕ್ಲಬ್ಬು ಎಲ್ಲವೂ ಇದ್ದವು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ಮಾಡಿದ ನಕಾಶೆಯಲ್ಲಿ ಇಂಥ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಇಲ್ಲಿ ಸಾಲ ಕೊಡುವುದು ಅಪಾಯ ಅನ್ನುವುದು ಅದರ ಸೂಚನೆ. ಸಾಲ ಇಲ್ಲದೆ ಕಟ್ಟಡ ಕೊಳ್ಳುವುದು ಹೇಗೆ? ಹಾಗಾಗಿ ಎಷ್ಟೋ ಅಂಗಡಿಗಳು ಬಾಡಿಗೆ ಜಾಗದಲ್ಲೇ ನಡೆದವು.

ಜೋ ವಾನ್ ಬ್ಯಾಟಲ್ ಎಂಬವರು 1945ರಲ್ಲಿ ಇದೇ ಬೀದಿಯಲ್ಲಿ ರೆಕಾರ್ಡ್ ಅಂಗಡಿ ತೆರೆದರು. ಸುಮ್ನೆ ಮಾರುವುದಷ್ಟೇ ಅಲ್ಲ, ಧ್ವನಿಮುದ್ರಣವನ್ನೂ ಮಾಡುತ್ತಿದ್ದರು. ಆಮೇಲೆ ಹೆಸರಾಂತ ಗಾಯಕಿಯಾದ ಅರೀಥಾ ಫ್ರಾಂಕ್ಲಿನ್ ಇನ್ನೂ ಹುಡುಗಿಯಾಗಿದ್ದಾಗ ಹಾಡಿದ್ದನ್ನು ಮೊದಲು ಮುದ್ರಿಸಿಕೊಂಡವರು ಅವರೇ. ಆಮೇಲೆ ನಗರಾಭಿವೃದ್ಧಿ, ಹೆದ್ದಾರಿ ಎಂದು ಇಡೀ ಬೀದಿಯನ್ನು ಕೆಡವಿದರು. ಬಾಡಿಗೆಗೆ ಇದ್ದ ವ್ಯಾಪಾರಿಗೆ ಕಟ್ಟಡದ ಪರಿಹಾರ ಬರುವುದಿಲ್ಲ, ಅದು ಮಾಲೀಕನಿಗೆ ಸೇರುತ್ತದೆ. ಜೋ ತಮ್ಮ ಅಂಗಡಿಯನ್ನು 12ನೇ ಬೀದಿಗೆ ಸಾಗಿಸಿದರು. 1967ರ ಜುಲೈನಲ್ಲಿ ಜನಾಂಗೀಯ ಗಲಭೆ ಹೊತ್ತಿಕೊಂಡಿದ್ದು ಅದೇ ಬೀದಿಯಲ್ಲಿ. 43 ಜನ ಸತ್ತರು. ಜೋ ಅವರ ಅಂಗಡಿಯೂ ಹಾಳಾಯಿತು, ಮುದ್ರಿಸಿಟ್ಟ ಟೇಪುಗಳೂ ಹೋದವು. ಒಬ್ಬನೇ ಮನುಷ್ಯನಿಗೆ ಎರಡು ಸಲ ಹೀಗಾಯಿತು ಅನ್ನುವುದು ನನ್ನನ್ನು ತುಂಬಾ ಕಾಡುತ್ತದೆ.

ಹಳೇ ಚೈನಾಟೌನ್ ಕೂಡ ಆ ಕಾಲದ ಕೆಡವುವಿಕೆಯಲ್ಲೇ ಹೋಯಿತು.

1967ರ ನಂತರ ಬಿಳಿಯರು ಊರು ಬಿಡುವುದು ಇನ್ನೂ ಜಾಸ್ತಿಯಾಯಿತು. ದೊಡ್ಡ ಕಿರಾಣಿ ಕಂಪನಿಗಳೂ ಹೊರಟವು. ಖಾಲಿಯಾದ ಜಾಗಕ್ಕೆ ಬಂದವರು ಇರಾಕ್ ಮೂಲದ ಕ್ರೈಸ್ತರು, ಅಂದರೆ ಕ್ಯಾಲ್ಡಿಯನ್ನರು. ಮನೆಯವರೆಲ್ಲ ಸೇರಿ ದುಡಿದರು. ಬಂಡವಾಳವನ್ನು ಬಂಧುಬಳಗದಿಂದ ಹೊಂದಿಸಿದರು. ಅವರಿಗೂ ಕಪ್ಪು ಗಿರಾಕಿಗಳಿಗೂ ಆಗಾಗ ಜಗಳ ಆಗುತ್ತಿತ್ತು. ನಮ್ಮ ಬಡಾವಣೆಯ ದುಡ್ಡು ಹೊರಗೆ ಹೋಗುತ್ತಿದೆ ಎಂದು ಗಿರಾಕಿಗಳು, ಪ್ರಾಣ ಕೈಯಲ್ಲಿ ಹಿಡಿದು ಅಂಗಡಿ ನಡೆಸುತ್ತಿದ್ದೇವೆ ಎಂದು ಕ್ಯಾಲ್ಡಿಯನ್ನರು. ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ಇಬ್ಬರನ್ನೂ ಬ್ಯಾಂಕುಗಳು ದೂರ ಇಟ್ಟಿದ್ದವು ಅನ್ನುವುದು ಮಾತ್ರ ಆ ಜಗಳದಲ್ಲಿ ಮರೆತೇಹೋಗುತ್ತಿತ್ತು.

1950ರಲ್ಲಿ ಸುಮಾರು 18.5 ಲಕ್ಷ ಇದ್ದ ಜನಸಂಖ್ಯೆ 2010ಕ್ಕೆ 7.14 ಲಕ್ಷಕ್ಕೆ ಇಳಿಯಿತು. 2008ರ ಕುಸಿತದಲ್ಲಿ ಮನೆಗಳ ಬೆಲೆ ನೆಲಕಚ್ಚಿತು. ಸಣ್ಣ ವ್ಯಾಪಾರಿ ಸಾಲಕ್ಕೆ ಅಡ ಇಡುವುದು ಸಾಮಾನ್ಯವಾಗಿ ಮನೆಯನ್ನೇ ಅಲ್ವಾ? ಆ ಮನೆಗೇ ಬೆಲೆ ಇಲ್ಲ. ಇಪ್ಪತ್ತು ಸಾವಿರ ಡಾಲರ್ ಸಾಲಕ್ಕೂ ಇಪ್ಪತ್ತು ಲಕ್ಷದ ಸಾಲಕ್ಕೂ ಬ್ಯಾಂಕಿಗೆ ಕಾಗದಪತ್ರದ ಕೆಲಸ ಹೆಚ್ಚುಕಡಿಮೆ ಒಂದೇ. ಹಾಗಾಗಿ ಚಿಕ್ಕ ಸಾಲದ ಗೋಜಿಗೇ ಹೋಗುವುದಿಲ್ಲ. ಇದರ ಮೇಲೆ, ದಿವಾಳಿಯಾದ ವರ್ಷವೇ ಪರವಾನಗಿ ಇಲ್ಲದ ಅಂಗಡಿಗಳನ್ನು ಮುಚ್ಚಿಸುವ ಅಭಿಯಾನವನ್ನು ನಗರಾಡಳಿತ ನಡೆಸಿತು. ದಾರಿ ತೋರಿಸಬೇಕಾದ ಹೊತ್ತಿನಲ್ಲಿ ಬೀಗ ಹಾಕಿಸಿದ್ದು ದೊಡ್ಡ ತಪ್ಪು.

2015ರಲ್ಲಿ ಗಾಳಿ ಸ್ವಲ್ಪ ಬದಲಾಯಿತು. ಮೋಟರ್ ಸಿಟಿ ಮ್ಯಾಚ್ ಎಂಬ ನಗರದ ಯೋಜನೆ ಖಾಲಿ ಮಳಿಗೆಗಳನ್ನೂ ಜಾಗ ಹುಡುಕುವ ವ್ಯಾಪಾರಿಗಳನ್ನೂ ಜೋಡಿಸಲು ಹೊರಟಿತು. ಮೂರು ತಿಂಗಳಿಗೊಮ್ಮೆ 5 ಲಕ್ಷ ಡಾಲರ್ ಅನುದಾನ ಹಂಚಿತು. ಅದೇ ವರ್ಷ ಕೆಲಾಗ್ ಫೌಂಡೇಶನ್ ಎಂಬ ದಾನಸಂಸ್ಥೆ ಮತ್ತು ಜೆಪಿ ಮಾರ್ಗನ್ ಚೇಸ್ ಬ್ಯಾಂಕು ಸೇರಿ 65 ಲಕ್ಷ ಡಾಲರ್‌ನ ನಿಧಿ ಶುರುಮಾಡಿದವು. ಬ್ಯಾಂಕು ಒಪ್ಪದ ಕಪ್ಪು, ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮತ್ತು ಇತರ ಅಲ್ಪಸಂಖ್ಯಾತ ವ್ಯಾಪಾರಿಗಳಿಗೆ ಅದರಿಂದ ಸಾಲ. ಒಳ್ಳೆಯ ಕೆಲಸವೇ. ಆದರೆ ನಷ್ಟದ ಮುಂದೆ ಇದು ತೀರಾ ಸಣ್ಣ ಮೊತ್ತ.

2020ರ ಕೋವಿಡ್ ಕಾಲದಲ್ಲೂ ಕೇಂದ್ರದ ಪರಿಹಾರ ಸಾಲ ಬ್ಯಾಂಕುಗಳ ಮೂಲಕವೇ ಬಂತು. ದೊಡ್ಡ ಬ್ಯಾಂಕುಗಳು ಮೊದಲು ತಮ್ಮ ಹಳೇ ಗ್ರಾಹಕರನ್ನು ನೋಡಿಕೊಂಡವು. ಬ್ಯಾಂಕಿನ ನಂಟೇ ಇಲ್ಲದವರು ಸಾಲಿನ ಕೊನೆಗೆ ಬಿದ್ದರು.

ಇಷ್ಟಾದರೂ ಊರಿಗೆ ಜೀವ ತಂದವರಲ್ಲಿ ವಲಸಿಗರ ಪಾಲು ದೊಡ್ಡದು. ನೈರುತ್ಯ ಡೆಟ್ರಾಯ್ಟ್‌ನ ವರ್ನರ್ ರಸ್ತೆಯಲ್ಲಿ ಮೆಕ್ಸಿಕನ್ನರ ಬೇಕರಿಗಳಿವೆ. ಪಕ್ಕದ ಊರು ಹ್ಯಾಮ್‌ಟ್ರಾಮಿಕ್‌ನ ಗಡಿಯ ಕೊನಂಟ್ ಬೀದಿಯಲ್ಲಿ ಬಾಂಗ್ಲಾದೇಶಿಗಳ ಅಂಗಡಿಗಳ ಸಾಲೇ ಇದೆ. ಕಾರು ಕಂಪನಿಗಳಿಗೆ ಬಂದ ನಮ್ಮ ಕನ್ನಡಿಗರು ಜಾಸ್ತಿ ಇರುವುದು ಟ್ರಾಯ್, ನೋವೈಯಂಥ ಹೊರವಲಯದಲ್ಲಿ. ಡೆಟ್ರಾಯ್ಟ್‌ನ ಬಹುಭಾಗವನ್ನು 2023ರಿಂದ ಅಮೆರಿಕದ ಸಂಸತ್ತಿನಲ್ಲಿ ಪ್ರತಿನಿಧಿಸಿರುವ ಶ್ರೀ ಥಾನೇದಾರ್ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದವರು.

2023ರಲ್ಲಿ ಡೆಟ್ರಾಯ್ಟ್ ಜನಸಂಖ್ಯೆ ಏರಿತು, 1957ರ ನಂತರ ಮೊದಲ ಸಲ. ಜನ ಬಂದರೆ ಬಾಡಿಗೆಯೂ ಏರುತ್ತದೆ. ಅನುದಾನ ಪಡೆದು ಮಳಿಗೆ ಸಿಂಗರಿಸಿದವನು ಬಾಡಿಗೆದಾರನೇ ಆಗಿದ್ದರೆ, ಮಾಲೀಕ ಅವನನ್ನು ಎಬ್ಬಿಸಬಹುದು. ಅದಕ್ಕೇ ಕಟ್ಟಡ ಕೊಳ್ಳಲು ಸಾಲ ಕೊಡುವುದು ಅನುದಾನಕ್ಕಿಂತ ಮುಖ್ಯ ಎಂದು ನಾನು ನಂಬುತ್ತೇನೆ.

ಹೇಸ್ಟಿಂಗ್ಸ್ ಸ್ಟ್ರೀಟ್ ಮೇಲೆ ಹಾಸಿದ ಐ-375 ಹೆದ್ದಾರಿಯನ್ನು ತೆಗೆದು ಸಾಮಾನ್ಯ ರಸ್ತೆ ಮಾಡಲು 2022ರಲ್ಲಿ ಕೇಂದ್ರ ಸರ್ಕಾರ 10 ಕೋಟಿ ಡಾಲರ್‌ಗೂ ಹೆಚ್ಚು ಹಣ ಮಂಜೂರು ಮಾಡಿತ್ತು. ಸುಮಾರು 30 ಎಕರೆ ಜಾಗ ತೆರವಾಗುವ ಅಂದಾಜಿತ್ತು. ಅದರಲ್ಲಿ ಕಪ್ಪು ವ್ಯಾಪಾರಿಗಳಿಗೆ ಪಾಲು ಸಿಗಬೇಕೆಂಬ ಬೇಡಿಕೆ ಎದ್ದಿತು. 2025ರಲ್ಲಿ ವೆಚ್ಚ ಜಾಸ್ತಿಯಾಯಿತೆಂದು ಮಿಷಿಗನ್ ರಾಜ್ಯದ ಸಾರಿಗೆ ಇಲಾಖೆ ಕೆಲಸವನ್ನು ತಡೆಹಿಡಿಯಿತು.