ಬ್ರಿಟನ್ನಿನ ಹಳೆ ರೇಸ್ ಕಾರುಗಳಿಗೆ ಹಸಿರೇ ಯಾಕೆ?

ಪ್ರಶ್ನೆ: ಹಳೆ ಬೆಂಟ್ಲಿ, ಸನ್‌ಬೀಮ್ ರೇಸ್ ಕಾರುಗಳೆಲ್ಲ ಹಸಿರು. ಐರ್ಲೆಂಡಿಗೆ ಮರ್ಯಾದೆ ತೋರಿಸೋಕೆ ಈ ಬಣ್ಣ ಬಳಿದರು ಅಂತ ಓದಿದ್ದೆ. ಇದು ನಿಜಾನಾ?

ಉತ್ತರ: ಅರ್ಧ ನಿಜ. ಐರ್ಲೆಂಡಿನ ಕಥೆ ನಡೆದದ್ದು 1903ರಲ್ಲಿ. ಹಸಿರು ಕಾರು ಅದಕ್ಕೂ ಒಂದು ವರ್ಷ ಮೊದಲೇ ಗೆದ್ದಾಗಿತ್ತು.

ಆಗಿನ ದೊಡ್ಡ ರೇಸ್ ಅಂದರೆ ಗಾರ್ಡನ್ ಬೆನೆಟ್ ಕಪ್. ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಮಾಲೀಕ 1900ರಲ್ಲಿ ಶುರು ಮಾಡಿಸಿದ್ದು. ಇದರಲ್ಲಿ ಪೈಪೋಟಿ ದೇಶ ದೇಶಗಳ ನಡುವೆ. ಒಂದು ದೇಶಕ್ಕೆ ಮೂರೇ ಕಾರು, ಟೈರೂ ಸೇರಿ ಎಲ್ಲ ಭಾಗವೂ ಆ ದೇಶದಲ್ಲೇ ತಯಾರಾಗಿರಬೇಕು. ನಿಯಮ ಎಷ್ಟು ಬಿಗಿ ಅಂದರೆ, 1901ರಲ್ಲಿ ಬ್ರಿಟನ್ನಿನ ಚಾಲಕ ಸೆಲ್ವಿನ್ ಎಡ್ಜ್ ತಂದ ನೇಪಿಯರ್ ಕಾರಿನ ಭಾರವನ್ನು ಇಂಗ್ಲಿಷ್ ಟೈರುಗಳು ತಡೆಯಲಿಲ್ಲ. ಹೊರದೇಶದ ಟೈರು ಹಾಕಿಸಿದ್ದೇ ತಡ, ಕಪ್ ಸ್ಪರ್ಧೆಯಿಂದ ಹೊರಬಿದ್ದ.

ಮರುವರ್ಷ ಎಡ್ಜ್ ಜಾಣನಾಗಿದ್ದ. ಈ ಸಲ ತಂದದ್ದು ಹಗುರವಾದ, ನಾಲ್ಕು ಸಿಲಿಂಡರಿನ ನೇಪಿಯರ್. ಬಣ್ಣ ಆಲಿವ್ ಹಸಿರು. ಕಟ್ಟಿದ್ದು ಲಂಡನ್ನಿನ ಲ್ಯಾಂಬೆತ್‌ನಲ್ಲಿ, ನಾಣ್ಯ ತೂಗುವ ಮತ್ತು ಮುದ್ರಣದ ಯಂತ್ರ ಮಾಡುತ್ತಿದ್ದ ಒಂದು ಹಳೆ ಕಾರ್ಖಾನೆಯಲ್ಲಿ. ಓಟ ಪ್ಯಾರಿಸ್‌ನಿಂದ ಆಸ್ಟ್ರಿಯಾದ ಇನ್ಸ್‌ಬ್ರಕ್‌ಗೆ, ಆಲ್ಪ್ಸ್ ಘಾಟಿ ದಾಟಿಕೊಂಡು. ಫ್ರಾನ್ಸಿನ ಕಾರುಗಳು ಒಂದೊಂದಾಗಿ ಕೆಟ್ಟು ನಿಂತವು. ಕೊನೆಗೆ ಮುಂದಿದ್ದ ಪನಾರ್ ಕಾರೂ ಆರ್ಲ್‌ಬರ್ಗ್ ಘಾಟಿಯ ಹತ್ತಿರ ಕೈಕೊಟ್ಟಿತು. ಕಪ್ ಎಡ್ಜ್ ಪಾಲಾಯಿತು. ಅದು ವೇಗಕ್ಕೆ ಸಿಕ್ಕ ಗೆಲುವು ಅಂತ ನನಗೆ ಅನ್ನಿಸುವುದಿಲ್ಲ, ಕೆಡದೆ ಓಡಿದ್ದಕ್ಕೆ ಸಿಕ್ಕಿದ್ದು. ಆದರೂ ಗೆಲುವು ಗೆಲುವೇ, ಅಲ್ವಾ?

ಫಜೀತಿ ಶುರುವಾಗಿದ್ದೇ ಆಮೇಲೆ. ಗೆದ್ದ ದೇಶವೇ ಮುಂದಿನ ರೇಸ್ ನಡೆಸಬೇಕು. ಬ್ರಿಟನ್ನಿನ ರಸ್ತೆಗಳಲ್ಲಿ ಆಗ ವೇಗದ ಮಿತಿ ಗಂಟೆಗೆ 12 ಮೈಲಿ, ಅಂದರೆ ಸುಮಾರು 19 ಕಿಲೋಮೀಟರ್. ಸೈಕಲ್ಲಿನವನೂ ಹಿಂದೆ ಹಾಕಿ ಹೋಗಬಹುದಾದ ವೇಗ! ಮದುವೆಗೆ ಒಪ್ಪಿಕೊಂಡ ಮೇಲೆ ಛತ್ರವೇ ಸಿಗದ ಹಾಗಾಯಿತು. ಕೊನೆಗೆ ಆಗ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಐರ್ಲೆಂಡಿನಲ್ಲಿ ನಡೆಸೋಣ ಅಂತ ತೀರ್ಮಾನಿಸಿ, ಅದಕ್ಕಾಗಿಯೇ ಬೇರೆ ಕಾನೂನು ಮಾಡಿಸಿದರು.

1903ರ ಜುಲೈ 2ರಂದು ಕಿಲ್ಡೇರ್ ಕೌಂಟಿಯ ಅಥೈ ಊರಿನ ಸುತ್ತಮುತ್ತ ಓಟ ನಡೆಯಿತು. ಐರ್ಲೆಂಡಿನ ಗುರುತು ಮೂರೆಲೆಯ ಶ್ಯಾಮ್‌ರಾಕ್ ಗಿಡ. ಆ ಎಲೆಯ ಹಸಿರನ್ನು ಬ್ರಿಟನ್ನಿನ ಕಾರುಗಳು ತೊಟ್ಟವು. ನೀವು ಓದಿದ್ದು ಈ ಕಥೆಯನ್ನೇ. ಆದರೆ ರೇಸ್‌ನಲ್ಲಿ ಹಸಿರಿಗೆ ಅದೃಷ್ಟ ಇರಲಿಲ್ಲ. ಇಬ್ಬರು ಅಪಘಾತ ಮಾಡಿಕೊಂಡರು, ಎಡ್ಜ್ ಅನರ್ಹನಾದ. ಗೆದ್ದದ್ದು ಬಿಳಿ ಬಣ್ಣದ ಮರ್ಸಿಡಿಸ್. ಅದೂ ಎರವಲು ತಂದ ಕಾರು! ರೇಸ್‌ಗೆಂದು ಕಟ್ಟಿದ್ದ ಹೊಸ ಕಾರುಗಳು ಕಾರ್ಖಾನೆಯ ಬೆಂಕಿಯಲ್ಲಿ ಸುಟ್ಟು ಹೋಗಿದ್ದರಿಂದ, ಮಾರಿದ್ದ ಕಾರುಗಳನ್ನೇ ಗಿರಾಕಿಗಳಿಂದ ಕೇಳಿ ತಂದಿದ್ದರು.

ಸೋತರೂ ಬಣ್ಣ ಮಾತ್ರ ಅಂಟಿಕೊಂಡಿತು. ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು ಅನ್ನುವುದು ರೂಢಿಯಾಯಿತು. 1923ರಲ್ಲಿ ಬ್ರಿಟನ್ನಿನ ಚಾಲಕ ಹೆನ್ರಿ ಸೀಗ್ರೇವ್ ಫ್ರೆಂಚ್ ಗ್ರ್ಯಾಂಡ್ ಪ್ರಿ ರೇಸ್ ಗೆದ್ದ ಸನ್‌ಬೀಮ್ ಹಸಿರು. 1924ರಲ್ಲಿ ಒಂದು ಸಲ, 1927ರಿಂದ 1930ರವರೆಗೆ ಸತತ ನಾಲ್ಕು ಸಲ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ ರೇಸ್ ಗೆದ್ದ ಬೆಂಟ್ಲಿಗಳಿಂದ ಆ ಹಸಿರು ಜಗತ್ತಿಗೆಲ್ಲ ಪರಿಚಯವಾಯಿತು.

ಹಾಗಂತ ಎಲ್ಲವೂ ಹಸಿರಲ್ಲ. 1927ರಲ್ಲಿ ಗಂಟೆಗೆ 200 ಮೈಲಿಯ ಗಡಿ ದಾಟಿದ ಮೊದಲ ಕಾರು ಇದೇ ಸೀಗ್ರೇವ್ ಓಡಿಸಿದ ಇನ್ನೊಂದು ಸನ್‌ಬೀಮ್. ಅದು ಕೆಂಪು! ಇವತ್ತಿಗೂ ಇಂಗ್ಲೆಂಡಿನ ಬ್ಯೂಲಿ ಮ್ಯೂಸಿಯಂನಲ್ಲಿದೆ. 1956 ಮತ್ತು 1957ರಲ್ಲಿ ಲೆ ಮಾನ್ ಗೆದ್ದ ಸ್ಕಾಟ್ಲೆಂಡ್ ತಂಡದ ಜಾಗ್ವಾರ್‌ಗಳು ಕಡು ನೀಲಿ.

ಇನ್ನು ಆ ಹಸಿರಾದರೂ ಒಂದೇ ಥರದ್ದಾ? ಅದೂ ಅಲ್ಲ. ನೇಪಿಯರ್‌ನದು ಆಲಿವ್, ಬೆಂಟ್ಲಿಯದು ಕಪ್ಪಿಗೆ ತಿರುಗಿದಂಥ ಕಡು ಹಸಿರು, 1959ರಲ್ಲಿ ಲೆ ಮಾನ್ ಗೆದ್ದ ಆಸ್ಟನ್ ಮಾರ್ಟಿನ್‌ನದು ಹೊಳೆಯುವ ತಿಳಿ ಹಸಿರು. ಹಾಗಾಗಿ ಮಾಡೆಲ್ ಕಾರಿಗೆ ಬಣ್ಣ ಬಳಿಯೋರು 'ಬ್ರಿಟಿಷ್ ರೇಸಿಂಗ್ ಗ್ರೀನ್' ಅಂತ ಬರೆದ ಡಬ್ಬಿ ನೋಡಿ ಕೊಳ್ಳಬೇಡಿ. ಮೊದಲು ಯಾವ ಕಾರು, ಯಾವ ವರ್ಷ ಅಂತ ನೋಡಿಕೊಳ್ಳಿ.