ಜಿಎಲ್‌ಪಿ-1: ಹುಳದ ಭ್ರೂಣದ ಮುಂಭಾಗದಲ್ಲೇ ಯಾಕೆ?

ಸಿ. ಎಲೆಗಾನ್ಸ್ ಎಂಬ ದುಂಡುಹುಳು ಪೂರ್ತಿ ಬೆಳೆದರೂ ಸುಮಾರು 1 ಮಿಲಿಮೀಟರ್ ಉದ್ದ, ಅಷ್ಟೆ. ಅದರ ಕೋಶಪೊರೆಯಲ್ಲಿ ಇರುವ ಒಂದು ಪ್ರೋಟೀನಿನ ಹೆಸರು ಜಿಎಲ್‌ಪಿ-1. ಸಕ್ಕರೆ ಕಾಯಿಲೆಯ ಔಷಧಿಗಳ ಮಾತು ಬಂದಾಗ ಇದೇ ಹೆಸರು ಕೇಳಿರುತ್ತೀರಿ. ಅದು ನಮ್ಮ ಕರುಳಿನ ಹಾರ್ಮೋನು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಹುಳದ ಜಿಎಲ್‌ಪಿ-1 'ನಾಚ್' ಗುಂಪಿನ ರಿಸೆಪ್ಟರ್. ಪಕ್ಕದ ಕೋಶ ಕೊಡುವ ಸಂದೇಶವನ್ನು ಹಿಡಿದು ಒಳಗೆ ದಾಟಿಸುತ್ತದೆ. ಸಂದೇಶ ಕೊಡುವ ಪ್ರೋಟೀನೂ ಆ ಪಕ್ಕದ ಕೋಶದ ಪೊರೆಯಲ್ಲೇ ಇರುವುದರಿಂದ ಎರಡು ಕೋಶಗಳೂ ಒಂದಕ್ಕೊಂದು ತಾಗಿರಲೇಬೇಕು.

ಭ್ರೂಣ ಮೊದಲ ಸಲ ಒಡೆದಾಗ ಮುಂದೆ ದೊಡ್ಡ ಎಬಿ ಕೋಶ, ಹಿಂದೆ ಚಿಕ್ಕ ಪಿ1 ಕೋಶ. ಆಮೇಲೆ ಎಬಿಯಿಂದ ಎಬಿ-ಎ ಮತ್ತು ಎಬಿ-ಪಿ, ಪಿ1ರಿಂದ ಇಎಂಎಸ್ ಮತ್ತು ಪಿ2. ಈ ನಾಲ್ಕರಲ್ಲಿ ಜಿಎಲ್‌ಪಿ-1 ಕಾಣುವುದು ಎಬಿಯ ಎರಡು ಮರಿಗಳ ಪೊರೆಯಲ್ಲಿ ಮಾತ್ರ.

ಹಾಗಾದರೆ ಅದನ್ನು ಮಾಡುವ ಸೂಚನೆಯನ್ನು ಜೀನಿನಿಂದ ಹೊತ್ತು ತರುವ ನಕಲು, ಅಂದರೆ ಅದರ ಎಂಆರ್‌ಎನ್‌ಎ ಕೂಡ ಮುಂದೆ ಮಾತ್ರ ಇರಬೇಕು, ಅಲ್ವಾ? ಇಲ್ಲ. ತಾಯಿಹುಳು ಮೊಟ್ಟೆಯಲ್ಲಿ ತುಂಬಿದ ಎಂಆರ್‌ಎನ್‌ಎ ನಾಲ್ಕೂ ಕೋಶಗಳಲ್ಲಿದೆ. 1994ರಲ್ಲಿ ಇದು ಗೊತ್ತಾಯಿತು. ಹಿಂಭಾಗದ ಕೋಶಗಳು ಅದನ್ನು ಓದಿ ಪ್ರೋಟೀನ್ ಮಾಡದಂತೆ ತಡೆ ಇದೆ. ಆ ತಡೆಯ ಗುರುತು ಎಂಆರ್‌ಎನ್‌ಎಯ ಬಾಲದಲ್ಲಿ, ಅಂದರೆ ಪ್ರೋಟೀನಿಗೆ ಸೂಚನೆ ಇಲ್ಲದ ಕೊನೆಯ ತುಂಡಿನಲ್ಲಿದೆ. ಅಲ್ಲಿಗೆ ಜಿಎಲ್‌ಡಿ-1ನಂಥ ಪ್ರೋಟೀನುಗಳು ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಸಂಬಂಧವೇ ಇಲ್ಲದ ಇನ್ನೊಂದು ಎಂಆರ್‌ಎನ್‌ಎಗೆ ಈ ಬಾಲ ಜೋಡಿಸಿದಾಗ ಅದರ ಪ್ರೋಟೀನೂ ಮುಂಭಾಗದಲ್ಲೇ ಕಾಣಿಸಿತು! ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಪ್ರಯೋಗ ಇದು. ಜೀನ್ ಎಲ್ಲಿದೆ, ಎಂಆರ್‌ಎನ್‌ಎ ಎಲ್ಲಿದೆ ಎಂದು ನೋಡಿದರೆ ಸಾಲದು, ಪ್ರೋಟೀನನ್ನೇ ಹುಡುಕಬೇಕು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು, ಎಬಿ-ಎ ಮತ್ತು ಎಬಿ-ಪಿ ಎರಡರಲ್ಲೂ ಜಿಎಲ್‌ಪಿ-1 ಇದ್ದಮೇಲೆ ಅವು ಬೇರೆ ಬೇರೆ ದಾರಿ ಹಿಡಿಯುವುದು ಹೇಗೆ? ಪಿ2 ಕೋಶದ ಪೊರೆಯಲ್ಲಿ ಎಪಿಎಕ್ಸ್-1 ಎಂಬ ಸಂದೇಶದ ಪ್ರೋಟೀನ್ ಇದೆ. ಈ ಎರಡರಲ್ಲಿ ಪಿ2 ತಾಗುವುದು ಎಬಿ-ಪಿಗೆ ಮಾತ್ರ. ಇಎಂಎಸ್ ಕೂಡ ಪಿ2ಗೆ ತಾಗಿದೆ, ಆದರೆ ಅದರಲ್ಲಿ ಜಿಎಲ್‌ಪಿ-1 ಇಲ್ಲ. ಎಬಿ ಒಡೆಯುತ್ತಿರುವಾಗ ಸೂಜಿಯಿಂದ ಮೆಲ್ಲಗೆ ಒತ್ತಿ ಅದರ ಎರಡು ಮರಿಗಳ ಜಾಗ ಅದಲು ಬದಲು ಮಾಡಿದರೂ ಹುಳು ಸರಿಯಾಗೇ ಬೆಳೆಯಿತು ಎಂದು 1987ರಲ್ಲೇ ತೋರಿಸಿದ್ದರು. ಎರಡೂ ಶುರುವಿನಲ್ಲಿ ಒಂದೇ ಥರ, ಪಿ2 ಪಕ್ಕಕ್ಕೆ ಬಂದದ್ದು ಎಬಿ-ಪಿ ಆಗುತ್ತದೆ.

ಕೆಲವು ವಿಭಜನೆಗಳ ನಂತರ, 12 ಕೋಶಗಳ ಹಂತದಲ್ಲಿ, ಇಎಂಎಸ್‌ನ ಮರಿಯಾದ ಎಂಎಸ್ ಕೋಶ ಇನ್ನೊಂದು ಸಂದೇಶ ಕೊಡುತ್ತದೆ. ಅದನ್ನು ಪಡೆಯುವುದೂ ಜಿಎಲ್‌ಪಿ-1ನಿಂದಲೇ. ಎಬಿ-ಎ ವಂಶದ ಕೆಲವು ಕೋಶಗಳು ಆಗ ಗಂಟಲಿನ ಮುಂಭಾಗ ಕಟ್ಟುವ ದಾರಿಗೆ ಬರುತ್ತವೆ. ತಾಯಿಯಿಂದ ಜಿಎಲ್‌ಪಿ-1 ಸಿಗದ ಭ್ರೂಣದಲ್ಲಿ ಆ ಮುಂಭಾಗವೇ ಇರುವುದಿಲ್ಲ. ಹಿಂಭಾಗ ಮಾತ್ರ ಬೆಳೆಯುತ್ತದೆ, ಯಾಕೆಂದರೆ ಅದನ್ನು ಎಂಎಸ್ ತನ್ನ ಮರಿಗಳಿಂದಲೇ ಕಟ್ಟುತ್ತದೆ.