ಶ್ರೀಲಂಕಾದಲ್ಲಿ ಮೂರು ಹೊತ್ತೂ ಅನ್ನ ತಾನೆ, ಗೋಧಿಯ ಭಯ ಯಾಕೆ?

ಪ್ರಶ್ನೆ: ಮಗಳಿಗೆ ಸೀಲಿಯಾಕ್ ಇದೆ, ಗೋಧಿ ಮುಟ್ಟೋ ಹಾಗಿಲ್ಲ. ರಜೆಗೆ ಶ್ರೀಲಂಕಾಕ್ಕೆ ಟಿಕೆಟ್ ಬುಕ್ ಮಾಡಿದ್ದೀವಿ. ಅಲ್ಲಿ ಬರೀ ಅನ್ನ, ತೆಂಗಿನಕಾಯಿ, ಮೀನು ಅಂತಾರೆ. ಹಾಗಾದ್ರೆ ಊಟದ ಚಿಂತೆ ಬಿಡಬಹುದಲ್ವಾ?

ಉತ್ತರ: ಬಿಡೋ ಹಾಗಿಲ್ಲ. ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಒಮ್ಮೆ ಬಾಲಿ, ಒಮ್ಮೆ ಅಂಡಮಾನ್, ಈಗ ಶ್ರೀಲಂಕಾ. ಹೋಗಬೇಡಿ ಎನ್ನುತ್ತಿಲ್ಲ. ಸೀಲಿಯಾಕ್ ಇರುವವರು ನೆಮ್ಮದಿಯಾಗಿ ಹೊಟ್ಟೆ ತುಂಬ ಉಣ್ಣಬಹುದಾದ ದ್ವೀಪ ಅದು. ಆದರೆ ‘ಅಕ್ಕಿ ತಿನ್ನೋ ಊರಲ್ಲಿ ಗೋಧಿ ಎಲ್ಲಿಂದ ಬರಬೇಕು’ ಅಂದುಕೊಂಡು ಹೋದರೆ ಮೊದಲ ದಿನದ ತಿಂಡಿಯಲ್ಲೇ ಎಡವುತ್ತೀರಿ.

ಎಲ್ಲಿಂದ ಬರುತ್ತದೆ ಅಂದರೆ, ಹಡಗಿನಲ್ಲಿ. ಶ್ರೀಲಂಕಾದಲ್ಲಿ ಗೋಧಿ ಬೆಳೆಯುವುದಿಲ್ಲ, ತಿನ್ನುವುದಷ್ಟನ್ನೂ ಹೊರಗಿಂದ ತರಿಸುತ್ತಾರೆ. ಅದನ್ನು ಬೀಸಲು ಟ್ರಿಂಕೋಮಲಿ ಬಂದರಿನಲ್ಲಿ ಭಾರಿ ಗಿರಣಿಯೇ ಇದೆ. ಆ ಹಿಟ್ಟು ಬ್ರೆಡ್ಡು, ಬನ್ನಿಗೆ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅಕ್ಕಿಯದು ಎಂದು ನೀವು ನಂಬಿದ ತಿಂಡಿಯೊಳಗೂ ಹೋಗುತ್ತದೆ ಅನ್ನುವುದೇ ತೊಂದರೆ.

ಇಂದಿ ಆಪ್ಪವನ್ನೇ ನೋಡಿ. ನೋಡಲು ನಮ್ಮ ಒತ್ತು ಶಾವಿಗೆಯೇ: ತೆಳ್ಳಗೆ, ಬೆಳ್ಳಗೆ, ಅಂಗೈಯಗಲದ ಬಿಲ್ಲೆಗಳು. ಕನ್ನಡಿಗರು ನೋಡಿದ ಕೂಡಲೇ ‘ಅಕ್ಕಿ ಶಾವಿಗೆ’ ಅಂದುಬಿಡುತ್ತಾರೆ. ಅಕ್ಕಿಹಿಟ್ಟಿನಲ್ಲಿ ಮಾಡುವವರು ಇದ್ದಾರೆ, ಬರೀ ಮೈದಾದಲ್ಲಿ ಮಾಡುವವರೂ ಇದ್ದಾರೆ, ಎರಡನ್ನೂ ಬೆರೆಸುವವರು ಬೇರೆ. ಮೈದಾದಲ್ಲಿ ಮಾಡುವ ಬಗೆ ಹೀಗೆ: ಹಿಟ್ಟನ್ನು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಇಡ್ಲಿ ಬೇಯಿಸುವಂತೆ ಹಬೆಯಲ್ಲಿಟ್ಟು, ಗಟ್ಟಿಯಾದ ಮೇಲೆ ಪುಡಿ ಮಾಡಿ ಜರಡಿ ಹಿಡಿದು, ಬಿಸಿನೀರಲ್ಲಿ ಕಲಸಿ ಒರಳಿಗೆ ತುಂಬಿ ಒತ್ತುತ್ತಾರೆ. ಹಬೆ ಯಾಕೆ ಗೊತ್ತೆ? ಹಸಿ ಮೈದಾ ಕಲಸಿದರೆ ಗೋಧಿಯಲ್ಲಿರುವ ಗ್ಲುಟನ್ (ಸೀಲಿಯಾಕ್ ಇರುವವರಿಗೆ ಆಗದ್ದು ಇದೇ) ಜಿಗುಟಾಗಿ ಎಳೆದುಕೊಳ್ಳುತ್ತದೆ, ಒರಳಿನ ಸಣ್ಣ ತೂತುಗಳಿಂದ ಇಳಿಯುವುದೇ ಇಲ್ಲ. ಶಾಖ ಕೊಟ್ಟರೆ ಆ ಎಳೆತ ಹೋಗುತ್ತದೆ.

ಇಲ್ಲಿಗೆ ಬಂದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಬೇಯಿಸಿದರೆ ಗ್ಲುಟನ್ ಹೋಯ್ತಲ್ಲ?’ ಹೋಗಿದ್ದು ಎಳೆತ, ಗ್ಲುಟನ್ ಅಲ್ಲ. ಅದು ಪ್ರೋಟೀನು, ಸೂಕ್ಷ್ಮಜೀವಿಯಲ್ಲ, ಕುದಿಸಿದರೆ ಸಾಯುವುದಕ್ಕೆ. ಬೇಯಿಸಿ, ಕರಿಯಿರಿ, ಸೀದುಹೋಗುವಂತೆ ಹುರಿಯಿರಿ, ಸಣ್ಣಕರುಳಿಗೆ ತೊಂದರೆ ಕೊಡುವ ತುಣುಕುಗಳು ಹಾಗೇ ಉಳಿಯುತ್ತವೆ. ‘ಎಣ್ಣೆ ಅಷ್ಟು ಕಾದಿರುತ್ತೆ, ಏನಾಗಲ್ಲ’ ಅನ್ನುವ ಹೋಟೆಲಿನವರಿಗೂ ಇದೇ ಉತ್ತರ.

ಬಣ್ಣ ನೋಡಿ ಆರಿಸುತ್ತೇವೆ ಅನ್ನುವವರಿದ್ದಾರೆ. ಕೆಂಪಕ್ಕಿಯ ಇಂದಿ ಆಪ್ಪ ಬಿಳಿಯದಕ್ಕಿಂತ ಮೇಲು ಅನ್ನುವುದು ನಿಜ, ಆದರೆ ಕೆಂಪಿನಲ್ಲೂ ಬೆರಕೆ ಇರಬಹುದು. ಆಪ್ಪ ಅಂದರೆ ಬಟ್ಟಲಿನಾಕಾರದ ದೋಸೆ, ಅದರ ಹಿಟ್ಟಿಗೆ ಅಂಚು ಗರಿಗರಿಯಾಗಲಿ ಎಂದು ಮೈದಾ ಸೇರಿಸುವವರಿದ್ದಾರೆ, ಹುದುಗಲಿ ಎಂದು ನೆನೆಸಿದ ಬ್ರೆಡ್ ಚೂರು ರುಬ್ಬಿ ಹಾಕುವವರೂ ಇದ್ದಾರೆ. ಪಿಟ್ಟು, ಅಂದರೆ ಹಬೆಯಲ್ಲಿ ಬೇಯಿಸಿದ ಪುಟ್ಟಿನ ಕಥೆಯೂ ಇದೇ. ಪೊಲ್ ರೊಟ್ಟಿಯಂತೂ ತೆಂಗಿನತುರಿ ಹಾಕಿದ ಮೈದಾ ರೊಟ್ಟಿ. ಇನ್ನು ಕುರಕ್ಕನ್ ರೊಟ್ಟಿ, ಅಂದರೆ ರಾಗಿರೊಟ್ಟಿ. ‘ರಾಗಿ ಅಲ್ವಾ’ ಎಂದು ನಮ್ಮವರು ಕಣ್ಣುಮುಚ್ಚಿ ತಿನ್ನುವುದು ಇದನ್ನೇ. ಬಿಸಿನೀರು ಹಾಕಿ ನಾದಿ, ಬರೀ ರಾಗಿಹಿಟ್ಟನ್ನು ಹರಿಯದಂತೆ ತಟ್ಟುವ ಕೈ ನಮ್ಮ ಹಳೇ ಮೈಸೂರು ಕಡೆಯದು. ಅಲ್ಲಿ ರೊಟ್ಟಿ ಮುರಿಯದಿರಲಿ ಎಂದು ಮೈದಾ ಸೇರಿಸುವುದು ಮಾಮೂಲು.

‘ಒಂಚೂರು ಬಿದ್ದರೆ ಏನು ಮಹಾ?’ ಲೆಕ್ಕ ಹಾಕೋಣ. ಸೀಲಿಯಾಕ್ ಇರುವ ಹೆಚ್ಚಿನವರು ದಿನಕ್ಕೆ ಸುಮಾರು 10 ಮಿಲಿಗ್ರಾಂ ಗ್ಲುಟನ್ ತಡೆದುಕೊಳ್ಳುತ್ತಾರೆ. ದಿನಾ 50 ಮಿಲಿಗ್ರಾಂ ಹೋದರೆ ಕರುಳಿನ ಒಳಪದರ ಕೆಡುತ್ತದೆ. ಮೈದಾದಲ್ಲಿ ಗ್ಲುಟನ್ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು. ಅಂದರೆ 10 ಮಿಲಿಗ್ರಾಂ ಗ್ಲುಟನ್‌ಗೆ ಮೈದಾ 0.1 ಗ್ರಾಂ ಸಾಕು. ಒಂದು ಟೀ ಚಮಚ ಮೈದಾ ಸುಮಾರು 3 ಗ್ರಾಂ ತೂಗುತ್ತದೆ, ಒಂದು ತಿಂಗಳಿಗೆ ಆಗುವಷ್ಟನ್ನು ಒಂದೇ ತುತ್ತಿಗೆ ನುಂಗಿದ ಹಾಗೆ. ಹೊಟ್ಟೆನೋವು ಬರಲಿಲ್ಲ ಅಂದ ಮಾತ್ರಕ್ಕೆ ಕರುಳಿಗೆ ಪೆಟ್ಟು ಬಿದ್ದಿಲ್ಲ ಎಂದೂ ಅಲ್ಲ. ಗ್ಲುಟನ್ ಜೀರ್ಣಿಸುತ್ತದೆ ಎಂದು ಮಾರುವ ಎನ್‌ಜೈಮ್ ಮಾತ್ರೆಗಳನ್ನು ನಂಬಿ ತಿನ್ನಬೇಡಿ. ಸೀಲಿಯಾಕ್ ಇರುವವರನ್ನು ಅವು ಕಾಯುವುದಿಲ್ಲ.

ಹಾಗಾದರೆ ತಿನ್ನುವುದೇನು? ಮಧ್ಯಾಹ್ನದ ಅನ್ನ–ಪಲ್ಯ–ಸಾರು. ಸಿಂಹಳ ಮನೆಯಡುಗೆಯಲ್ಲಿ ಸಾರು ಮಂದವಾಗುವುದು ತೆಂಗಿನಹಾಲಿನಿಂದ, ಹಿಟ್ಟಿನಿಂದಲ್ಲ. ಪರಿಪ್ಪು ಎಂಬ ಬೇಳೆ, ಎಳೆ ಹಲಸಿನಕಾಯಿಯ ಪೊಲೊಸ್, ಸೊಪ್ಪು–ಕಾಯಿತುರಿಯ ಮಲ್ಲುಂಗ್, ಪೊಲ್ ಸಂಬೋಲ, ಇವು ಸಾಮಾನ್ಯವಾಗಿ ಸುರಕ್ಷಿತ. ಸಸ್ಯಾಹಾರಿಗಳಾಗಿದ್ದರೆ ಸಂಬೋಲದಲ್ಲಿ ಒಣಮೀನಿನ ಪುಡಿ ಇದೆಯೇ ಎಂದು ಕೇಳಿ. ತೆಂಗಿನಹಾಲಿನ ಕಿರಿಬತ್, ಸೊಪ್ಪಿನ ಗಂಜಿ ಕೊಳ ಕೆಂದ, ಎಮ್ಮೆ ಮೊಸರಿಗೆ ಕಿತುಲ್ ಎಂಬ ತಾಳೆಜಾತಿ ಮರದ ಬೆಲ್ಲದ ಪಾಕ, ಹಣ್ಣು: ಬೆಳಗಿನ ತಿಂಡಿಗೆ ಇಷ್ಟು ಸಾಕು.

ಹೊತ್ತು ನೋಡಿಕೊಂಡು ಉಣ್ಣಿ. 12ರಿಂದ 2ರವರೆಗೆ ಸಣ್ಣ ಊಟದಂಗಡಿಗಳಲ್ಲಿ ಅನ್ನ ಬಿಸಿಯಾಗಿರುತ್ತದೆ, ಪಾತ್ರೆಗಳು ಆಗಷ್ಟೇ ಇಳಿದಿರುತ್ತವೆ. ಸಂಜೆಯಾಯಿತೋ, ಎಷ್ಟೋ ಅಂಗಡಿಗಳು ಕೊತ್ತುವಿಗೆ ತಿರುಗುತ್ತವೆ. ಮೈದಾದ ಗೋದಂಬ ರೊಟ್ಟಿಯನ್ನು ಕಾದ ಕಬ್ಬಿಣದ ಹಲಗೆಯ ಮೇಲೆ ಎರಡು ತಗಡಿನಿಂದ ಟಕಟಕ ಕೊಚ್ಚುವ ಸದ್ದು ಬೀದಿಗೆಲ್ಲ ಕೇಳುತ್ತದೆ. ನೀವು ಕೇಳಿದ ಆಮ್ಲೆಟ್ಟು, ಫ್ರೈಡ್ ರೈಸು ಆಗುವುದೂ ಅದೇ ಹಲಗೆಯ ಮೇಲೆ. ಅಕ್ಕಿಯ ಇಂದಿ ಆಪ್ಪದ್ದೇ ಕೊತ್ತು ಮಾಡಿಕೊಟ್ಟರೂ ಅಷ್ಟೆ. ಹಾಗಾಗಿ ರಾತ್ರಿಯೂಟಕ್ಕೆ ಉಳಿದುಕೊಂಡ ಗೆಸ್ಟ್‌ಹೌಸ್‌ನವರಿಗೆ ಬೆಳಿಗ್ಗೆಯೇ ಹೇಳಿ, ಬೇರೆ ಬಾಣಲೆಯಲ್ಲಿ ಮಾಡಿಸಿಕೊಳ್ಳುವುದು ಒಳ್ಳೆಯದು.

‘ಡೆವಿಲ್ಡ್’ ಎಂದು ಬರೆದ ಯಾವುದನ್ನೂ ಮುಟ್ಟಬೇಡಿ, ಅದರಲ್ಲಿ ಸೋಯಾ ಸಾಸ್ ಇರುತ್ತದೆ, ಮಾಮೂಲು ಸೋಯಾ ಸಾಸ್ ಗೋಧಿ ಹಾಕಿ ಹುದುಗಿಸಿದ್ದು. ಕಟ್ಲೆಟ್ಟಿಗೆ ಬ್ರೆಡ್ ಪುಡಿ. ಸಸ್ಯಾಹಾರಿಗಳಿಗೆಂದೇ ಬಡಿಸುವ ಸೋಯಾ ಮೀಟನ್ನು ಪ್ಯಾಕೆಟ್ ಓದದೆ ತಿನ್ನಬೇಡಿ. ಹಪ್ಪಳ ಉದ್ದಿನದೇ, ಆದರೆ ರೋಲ್ಸು, ಸಮೋಸ ಕರಿದ ಎಣ್ಣೆಯಲ್ಲೇ ಅದೂ ಬಿದ್ದಿರುತ್ತದೆ. ಮಾಲ್ಟ್ ಪುಡಿ ಬೆರೆಸಿದ ಹಾಲು ಮತ್ತು ಬಿಯರ್, ಎರಡರಲ್ಲೂ ಬಾರ್ಲಿ, ಬಾರ್ಲಿಯಲ್ಲೂ ಗ್ಲುಟನ್ ಇದೆ. ತೆಂಗಿನ ಕಳ್ಳಿನ ಅರಕ್ ದೊಡ್ಡವರಿಗೆ ಅಡ್ಡಿಯಿಲ್ಲ.

ಕೇಳುವುದು ಹೇಗೆ ಅನ್ನುವುದು ಮುಖ್ಯ. ‘ಗ್ಲುಟನ್ ಇದೆಯಾ’ ಎಂದರೆ ನಗುತ್ತಾ ‘ನೋ, ನೋ’ ಅನ್ನುತ್ತಾರೆ, ಸುಳ್ಳು ಹೇಳಲಿಕ್ಕಲ್ಲ, ಪದ ಗೊತ್ತಿಲ್ಲದೆ. ಹಿಟ್ಟಿನ ಹೆಸರು ಹಿಡಿದು ಕೇಳಿ. ಸಿಂಹಳದಲ್ಲಿ ‘ತಿರಿಂಗು ಪಿಟಿ ತಿಯೆನವಾದ?’, ಅರ್ಥವಾಗದಿದ್ದರೆ ‘ಪಾನ್ ಪಿಟಿ’ ಅನ್ನಿ. ಆಮೇಲೆ ‘ಹಾಲ್ ಪಿಟಿ ವಿತರದ?’, ಬರೀ ಅಕ್ಕಿಹಿಟ್ಟಾ ಎಂದು. ಜಾಫ್ನಾ ಕಡೆ, ಕೊಲಂಬೋದ ವೆಳ್ಳವತ್ತೆಯಲ್ಲಿ ತಮಿಳು ನಡೆಯುತ್ತದೆ: ‘ಗೋದುಮೈ ಮಾ ಕಲಂದಿರುಕ್ಕಾ?’ ಒಂದೇ ಪ್ರಶ್ನೆಯನ್ನು ಎರಡು ಥರ ಕೇಳಿ, ಉತ್ತರ ಹೊಂದದಿದ್ದರೆ ಎದ್ದು ಬನ್ನಿ. ಬಫೆಯಲ್ಲಿ ಮೊದಲಿಗರಾಗಿ ಬಡಿಸಿಕೊಳ್ಳಿ, ಸೌಟುಗಳು ಪಾತ್ರೆಯಿಂದ ಪಾತ್ರೆಗೆ ಹಾರುವ ಮುಂಚೆ.

ವಿಮಾನದಲ್ಲಿ ಗ್ಲುಟನ್ ಇಲ್ಲದ ಊಟದ ಕೋಡ್ ಜಿಎಫ್‌ಎಂಎಲ್. ಹೊರಡುವ ಒಂದೆರಡು ದಿನ ಮೊದಲೇ ಹೇಳಿರಬೇಕು. ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಕೋಡ್. ಜಿಎಫ್‌ಎಂಎಲ್ ಹಾಕಿದರೆ ಕೋಳಿ ಬರಬಹುದು, ಸಸ್ಯಾಹಾರದ ಕೋಡ್ ಹಾಕಿದರೆ ಚಪಾತಿ. ಬೆಂಗಳೂರಿನಿಂದ ಕೊಲಂಬೋ ದೂರವೇನಲ್ಲ, ಡಬ್ಬಿ ಕಟ್ಟಿಕೊಂಡು ಹೋಗಿ.

ಡಬ್ಬಿ ಅಂದ ಮೇಲೆ, ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಅದರಲ್ಲಿ ಏನು ಕಟ್ಟುತ್ತೀರಿ? ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು. ಕೋಡುಬಳೆಗೆ ಚಿರೋಟಿ ರವೆ, ನಿಪ್ಪಟ್ಟಿಗೆ ಮೈದಾ ಹಾಕುವುದು ಮಾಡುವವರಿಗೆ ಗೊತ್ತು. ಗೊಜ್ಜು, ಚಟ್ನಿಪುಡಿಯಲ್ಲಿ ಅವಿತಿರುವುದು ಇಂಗು. ಅಂಗಡಿಯಲ್ಲಿ ಸಿಗುವ ಇಂಗು ಅಪ್ಪಟವಲ್ಲ: ಅಪ್ಪಟದ್ದರ ಘಾಟು ತಡೆಯಲಾಗುವುದಿಲ್ಲ, ಹಾಗಾಗಿ ಗೋಂದು ಮತ್ತು ಹಿಟ್ಟು ಬೆರೆಸುತ್ತಾರೆ, ಆ ಹಿಟ್ಟು ಹೆಚ್ಚಾಗಿ ಮೈದಾ ಅಥವಾ ಗೋಧಿಹಿಟ್ಟು. ಪುಡಿ ಇಂಗಾಗಲಿ, ಗಟ್ಟಿ ಇಂಗಾಗಲಿ, ಭೇದವಿಲ್ಲ. ಸಿಂಹಳದವರ ಮನೆಯಡುಗೆಯಲ್ಲಿ ಇಂಗು ಅಷ್ಟಾಗಿ ಇಲ್ಲ, ಸಾಂಬಾರು–ವಡೆ ಸಿಗುವ ‘ಶೈವ’ ಹೋಟೆಲು, ಅಂದರೆ ತಮಿಳರ ಸಸ್ಯಾಹಾರಿ ಹೋಟೆಲುಗಳಲ್ಲಿ ಇರುತ್ತದೆ. ನಮ್ಮ ಊಟದ ಹಾಗೇ ಇದೆ ಎಂದು ಅಲ್ಲಿ ಮೈಮರೆಯಬೇಡಿ. ಅಕ್ಕಿಹಿಟ್ಟು ಬೆರೆಸಿದ ಇಂಗು ಬೆಂಗಳೂರಿನಲ್ಲಿ ಸಿಗುತ್ತದೆ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ, ‘ಗ್ಲುಟನ್ ಫ್ರೀ’ ಎಂದಿದ್ದರೆ ಕಿಲೋಗೆ 20 ಮಿಲಿಗ್ರಾಂ ಒಳಗಿರಬೇಕೆಂಬುದು ನಮ್ಮಲ್ಲೂ ನಿಯಮ. ಅದನ್ನು ಹಾಕಿ ಹೊಸದಾಗಿ ಗೊಜ್ಜು ಕುದಿಸಿ, ಮನೆಯಲ್ಲಿರುವ ಹಳೇ ಗೊಜ್ಜು ಮನೆಯಲ್ಲೇ ಇರಲಿ.